ಗೆದ್ದಲಿನ ಹುತ್ತ, ಚಿಪ್ಪುಹಂದಿಯ ತುತ್ತು



ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ ಇತ್ತು. ಅದರಲ್ಲಿ ತಾತ ಬರೆದಿಟ್ಟ ಲೆಕ್ಕದ ಪುಸ್ತಕಗಳಿದ್ದವು. ಯಾರು ಎಷ್ಟು ಪಲ್ಲ ರಾಗಿ ಸಾಲ ಒಯ್ದರು, ಯಾರು ತೀರಿಸಿದರು, ಯಾರು ತೀರಿಸಲಿಲ್ಲ, ಎಲ್ಲವೂ ಅದರಲ್ಲಿತ್ತು. ಒಂದು ಬೇಸಿಗೆ ರಜೆಯಲ್ಲಿ ಆ ಪೆಟ್ಟಿಗೆಯನ್ನು ಕೆಳಗೆ ಇಳಿಸಿದೆವು. ಮುಚ್ಚಳ ತೆಗೆದೆವು. ಪುಸ್ತಕಗಳ ರಟ್ಟು ನೆಟ್ಟಗೇ ಇತ್ತು. ಎತ್ತಿದರೆ ಹಗುರ. ಒಳಗೆ ಹಾಳೆ ಇರಲಿಲ್ಲ, ಮಣ್ಣಿತ್ತು. ಊರಿನ ಸಾಲಗಾರರನ್ನೆಲ್ಲ ಗೆದ್ದಲು ಒಂದೇ ಏಟಿಗೆ ಋಣಮುಕ್ತರನ್ನಾಗಿ ಮಾಡಿತ್ತು. ನಾವು ಕೂಗಾಡಿದೆವು. ಅಜ್ಜಿ ಮಾತ್ರ, “ಹೋಗ್ಲಿ ಬಿಡ್ರೋ, ಅದಕ್ಕೂ ಹೊಟ್ಟೆ ಅನ್ನೋದು ಇದೆಯಲ್ಲ” ಅಂದರು.

ಆ ಹೊಟ್ಟೆಯ ಮಾತನ್ನೇ ಇವತ್ತು ನಿಮ್ಮ ಜೊತೆ ಆಡೋಣ ಅಂತ ಬಂದಿದ್ದೇನೆ. ಗೆದ್ದಲಿಗೆ ಹೊಟ್ಟೆ ಇದೆ. ಆ ಗೆದ್ದಲನ್ನೇ ತಿಂದು ಹೊಟ್ಟೆ ಹೊರೆಯುವ ಒಂದು ಪ್ರಾಣಿಯೂ ಇದೆ. ಅದರ ಹೆಸರು ಚಿಪ್ಪುಹಂದಿ. ಒಂದು ಕೀಟ. ಇನ್ನೊಂದು ಸಸ್ತನಿ, ಅಂದರೆ ಮರಿಗೆ ಮೊಲೆ ಊಡಿಸುವ ಪ್ರಾಣಿ. ಒಂದು ಅಕ್ಕಿಕಾಳಿನಷ್ಟು. ಇನ್ನೊಂದು ಹತ್ತು ಹದಿನೈದು ಕಿಲೋ ತೂಗುತ್ತದೆ. ಒಂದು ನಮ್ಮ ಮನೆಯ ಬಾಗಿಲ ಚೌಕಟ್ಟಿನಲ್ಲೇ ಇರುತ್ತದೆ. ಇನ್ನೊಂದನ್ನು ನಮ್ಮಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಮ್ಮೆಯೂ ಕಂಡಿರುವುದಿಲ್ಲ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಮೂರು ಪ್ರಶ್ನೆ ಕೇಳೋಣ. ಇವು ಯಾವ ಕುಲದವು? ಎಲ್ಲಿ ಇವುಗಳ ವಾಸ? ಈ ಹೊತ್ತು ಇವುಗಳ ಗತಿ ಏನು?

ಚಿಪ್ಪುಹಂದಿಯನ್ನು ನೋಡದವರಿಗಾಗಿ ಒಂದಿಷ್ಟು ಹೇಳಬೇಕು. ಕಣ್ಣು ಮುಚ್ಚಿಕೊಂಡು ಕೇಳಿ. ಒಂದು ದೊಡ್ಡ ಹಲಸಿನ ಕಾಯಿಯಷ್ಟು ಮೈ. ಅದಕ್ಕೆ ಹೆಚ್ಚುಕಡಿಮೆ ಮೈಯಷ್ಟೇ ಉದ್ದದ ದಪ್ಪ ಬಾಲ. ತಲೆ ಸಣ್ಣದು, ಮುಂದಕ್ಕೆ ಚೂಪು. ತಲೆಯಿಂದ ಬಾಲದ ತುದಿಯವರೆಗೆ ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಿಪ್ಪು. ನಾಡಹೆಂಚಿನ ಮನೆಯ ಸೂರನ್ನು ನೆನಪು ಮಾಡಿಕೊಳ್ಳಿ, ಅದೇ ಜೋಡಣೆ. ಹೊಟ್ಟೆಯ ಕೆಳಗೆ ಮಾತ್ರ ಚಿಪ್ಪಿಲ್ಲ, ಮೆತ್ತಗಿನ ಚರ್ಮ. ಮುಂಗಾಲಿನಲ್ಲಿ ಉದ್ದದ ಬಾಗಿದ ಉಗುರು. ನಡೆಯುವಾಗ ಆ ಉಗುರುಗಳನ್ನು ಒಳಕ್ಕೆ ಮಡಚಿಕೊಂಡು ಗೆಣ್ಣಿನ ಮೇಲೆ ನಡೆಯುತ್ತದೆ. ಹೊಲ ಉಳುವವನು ನೇಗಿಲಿನ ಗುಳ ಮೊಂಡಾಗದಂತೆ ನೋಡಿಕೊಳ್ಳುವ ಹಾಗೆ.

ಗೆದ್ದಲನ್ನು ಬಣ್ಣಿಸುವ ಅಗತ್ಯವಿಲ್ಲ. ಕರಾವಳಿಯ, ಮಲೆನಾಡಿನ ಕೆಲವರು ಅದನ್ನು ಒರಲೆ ಎನ್ನುತ್ತಾರೆ. ಹೆಸರು ಯಾವುದಾದರೂ ಆದೀತು, ಅದರ ಕೆಲಸ ಎಲ್ಲರಿಗೂ ಗೊತ್ತು.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಯಾವ ಕುಲ?

ಜೀವಿಗಳ ವರ್ಗೀಕರಣ ಎಂದರೆ ಅಂಚೆ ವಿಳಾಸ ಬರೆದ ಹಾಗೆ. ನಾವು ರಾಜ್ಯ, ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಮನೆ ಅಂತ ಬರೆಯುತ್ತೇವೆ. ವಿಜ್ಞಾನಿಗಳು ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎನ್ನುತ್ತಾರೆ. ಗೆದ್ದಲು ಮತ್ತು ಚಿಪ್ಪುಹಂದಿ ಎರಡೂ ಪ್ರಾಣಿ ಸಾಮ್ರಾಜ್ಯದವು. ರಾಜ್ಯ ಒಂದೇ. ಆದರೆ ಜಿಲ್ಲೆಯಲ್ಲೇ ದಾರಿ ಬೇರೆಯಾಗುತ್ತದೆ. ಗೆದ್ದಲು ಸಂಧಿಪದಿಗಳ ಕಡೆಗೆ ಹೋಗುತ್ತದೆ. ಮೈಯೊಳಗೆ ಎಲುಬಿಲ್ಲ, ಆರು ಕಾಲು, ಕೀಟ ವರ್ಗ. ಚಿಪ್ಪುಹಂದಿ ಬೆನ್ನೆಲುಬು ಇರುವವುಗಳ ಕಡೆಗೆ ಹೋಗುತ್ತದೆ. ಬಿಸಿ ರಕ್ತ, ನಾಲ್ಕು ಕಾಲು, ಸಸ್ತನಿ ವರ್ಗ.

ಇಷ್ಟಾದರೆ ಶಾಲೆಯ ಪಾಠ ಮುಗಿಯಿತು. ಆದರೆ ಕಥೆ ಇರುವುದು ಇದರ ಮುಂದೆ. ಈ ಎರಡು ಜೀವಿಗಳಿಗೂ ಜನ ಇಟ್ಟ ಹೆಸರು ತಪ್ಪು. ವಿದ್ವಾಂಸರು ಬರೆದ ವಿಳಾಸವೂ ಬಹಳ ಕಾಲ ತಪ್ಪಾಗಿತ್ತು.

ಇಂಗ್ಲಿಷಿನವರು ಗೆದ್ದಲನ್ನು ಬಿಳಿ ಇರುವೆ ಎಂದು ಕರೆದರು. ಅದು ಇರುವೆಯಲ್ಲ. ಇರುವೆಗೆ ಹತ್ತಿರದ ನೆಂಟರು ಜೇನು ಮತ್ತು ಕಣಜ. ಇರುವೆಯ ಗೂಡಿನಲ್ಲಿ ದುಡಿಯುವವರೆಲ್ಲ ಹೆಣ್ಣುಗಳು. ಗೆದ್ದಲಿನ ಗೂಡಿನಲ್ಲಿ ಗಂಡೂ ದುಡಿಯುತ್ತದೆ, ಹೆಣ್ಣೂ ದುಡಿಯುತ್ತದೆ. ಇರುವೆಯಲ್ಲಿ ಕೂಡಿದ ಮೇಲೆ ಗಂಡು ಸಾಯುತ್ತದೆ. ಗೆದ್ದಲಿನಲ್ಲಿ ರಾಜ ರಾಣಿಯ ಪಕ್ಕದಲ್ಲೇ, ಅದೇ ಕೋಣೆಯಲ್ಲಿ, ವರ್ಷಗಟ್ಟಲೆ ಬಾಳುತ್ತಾನೆ. ದಾಂಪತ್ಯದ ಮಾತು ಬಂದಾಗ ಇರುವೆಯ ಉದಾಹರಣೆ ಕೊಡುವವರು ಇದನ್ನು ಗಮನಿಸಬೇಕು.

ಹಾಗಾದರೆ ಗೆದ್ದಲು ಯಾರ ಕಡೆಯದು? ಹೇಳಿದರೆ ನಂಬಲಾರಿರಿ. ಅದು ಜಿರಲೆಯ ಕಡೆಯದು. ಬಹಳ ಕಾಲ ಗೆದ್ದಲಿಗೆ ಪ್ರತ್ಯೇಕ ಗಣವೇ ಇತ್ತು. ಐಸಾಪ್ಟೆರಾ ಎಂದು ಅದರ ಹೆಸರು. ಸಮನಾದ ರೆಕ್ಕೆಯವು ಎಂದು ಅರ್ಥ. 2007ರಲ್ಲಿ ಡಿಎನ್‌ಎ ಪರೀಕ್ಷೆಯ ಆಧಾರದ ಮೇಲೆ ಆ ಗಣವನ್ನೇ ತೆಗೆದುಹಾಕಬೇಕು ಎಂಬ ವಾದ ಬಂತು. ಈಗ ಗೆದ್ದಲನ್ನು ಜಿರಲೆಗಳ ಗಣದೊಳಗೇ ಇಡುತ್ತಾರೆ. ಅಮೆರಿಕ ಮತ್ತು ಪೂರ್ವ ಏಷ್ಯಾದಲ್ಲಿ ಕ್ರಿಪ್ಟೊಸರ್ಕಸ್ ಎಂಬ ಕಾಡು ಜಿರಲೆ ಇದೆ. ಅದು ಕೊಳೆತ ಮರದೊಳಗೆ ಸಂಸಾರ ಹೂಡಿ ಮರವನ್ನೇ ತಿನ್ನುತ್ತದೆ. ಗೆದ್ದಲಿಗೆ ಅದೇ ಅತಿ ಹತ್ತಿರದ ದಾಯಾದಿ. ಅಡುಗೆಮನೆಯ ಶತ್ರು ಮತ್ತು ಅಟ್ಟದ ಶತ್ರು, ಎರಡೂ ಒಂದೇ ಮನೆತನ.

ಚಿಪ್ಪುಹಂದಿಯ ಕಥೆ ಇನ್ನೂ ಸ್ವಾರಸ್ಯ. ಇದು ಹಂದಿಯಲ್ಲ. ಹಂದಿಗೆ ಗೊರಸು ಇದೆ, ಇದಕ್ಕೆ ಉಗುರು. ಹಂದಿಗೆ ಕೋರೆಹಲ್ಲಿದೆ, ಇದಕ್ಕೆ ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ. ಚಿಪ್ಪು ನೋಡಿ ಉಡದ ಜಾತಿ ಎನ್ನುವವರೂ ಇದ್ದಾರೆ. ಅದೂ ಅಲ್ಲ. ಸ್ವೀಡನ್ನಿನ ಲಿನೇಯಸ್, ಜೀವಿಗಳಿಗೆಲ್ಲ ಎರಡು ಪದದ ಹೆಸರಿಡುವ ಪದ್ಧತಿ ನೆಲೆಗೊಳಿಸಿದವನು, 1758ರಲ್ಲಿ ಚಿಪ್ಪುಹಂದಿಯನ್ನು ಎಲ್ಲಿಟ್ಟ ಗೊತ್ತೇ? ಆನೆಯ ಗುಂಪಿನಲ್ಲಿ! ಅದೇ ಗುಂಪಿನಲ್ಲಿ ದಕ್ಷಿಣ ಅಮೆರಿಕದ ಇರುವೆಭಕ್ಷಕವೂ ಇತ್ತು. ಆಮೇಲೆ ಬಂದವರು ಆನೆಯನ್ನು ಹೊರಗೆ ಕಳಿಸಿದರು. ಚಿಪ್ಪುಹಂದಿಯನ್ನು ಇರುವೆಭಕ್ಷಕದ ಜೊತೆ ‘ಹಲ್ಲಿಲ್ಲದವು’ ಎಂಬ ಕೊಠಡಿಯಲ್ಲಿ ಕೂರಿಸಿದರು. ಎರಡಕ್ಕೂ ಉದ್ದ ನಾಲಿಗೆ, ಎರಡೂ ಇರುವೆ ಗೆದ್ದಲು ತಿನ್ನುತ್ತವೆ. ನೆಂಟರೇ ಇರಬೇಕು ಎಂದುಕೊಂಡರು.

ನೆಂಟರಲ್ಲ. ಕಸುಬು ಒಂದೇ ಆದರೆ ಕುಲ ಒಂದೇ ಆಗಬೇಕಿಲ್ಲ. ಡಿಎನ್‌ಎ ಹೇಳುವ ಪ್ರಕಾರ ಚಿಪ್ಪುಹಂದಿಗೆ ಬದುಕಿರುವವರಲ್ಲಿ ಅತಿ ಹತ್ತಿರದ ನೆಂಟರು ಮಾಂಸಾಹಾರಿ ಗಣದವರು. ಅಂದರೆ ಬೆಕ್ಕು, ನಾಯಿ, ಚಿರತೆ, ಕರಡಿ. ಹತ್ತಿರ ಎಂದರೂ ಬಹಳ ಹಿಂದೆ ಕವಲೊಡೆದ ಸಂಬಂಧ. ಜರ್ಮನಿಯ ಮೆಸೆಲ್ ಎಂಬಲ್ಲಿ ಸುಮಾರು 4 ಕೋಟಿ 70 ಲಕ್ಷ ವರ್ಷ ಹಿಂದಿನ ಚಿಪ್ಪುಹಂದಿಯ ಪಳೆಯುಳಿಕೆ ಸಿಕ್ಕಿದೆ. ಆದ್ದರಿಂದ ಇದಕ್ಕೆ ತನ್ನದೇ ಗಣ, ಫೋಲಿಡೋಟ. ಅದರಲ್ಲಿ ಬಹುಕಾಲದಿಂದ ಗುರುತಿಸಿಕೊಂಡು ಬಂದಿರುವುದು ಎಂಟು ಪ್ರಭೇದ. ನಾಲ್ಕು ಆಫ್ರಿಕದಲ್ಲಿ, ನಾಲ್ಕು ಏಷ್ಯಾದಲ್ಲಿ. ಭಾರತದಲ್ಲಿ ಎರಡು. ಈಶಾನ್ಯದ ಕಡೆ ಚೀನೀ ಚಿಪ್ಪುಹಂದಿ. ಉಳಿದ ಕಡೆ, ನಮ್ಮ ಕರ್ನಾಟಕವೂ ಸೇರಿ, ಭಾರತದ ಚಿಪ್ಪುಹಂದಿ. ಶಾಸ್ತ್ರೀಯ ಹೆಸರು ಮ್ಯಾನಿಸ್ ಕ್ರಾಸಿಕಾಡೇಟ, ದಪ್ಪಬಾಲದ್ದು ಎಂದು ಅರ್ಥ. ಇಂಗ್ಲಿಷಿನಲ್ಲಿ ಪ್ಯಾಂಗೊಲಿನ್ ಎನ್ನುವುದು ಮಲಯ್ ಭಾಷೆಯ ಮಾತು. ಸುರುಳಿ ಸುತ್ತಿಕೊಳ್ಳುವುದು ಎಂದು ಅದರ ಅರ್ಥ. ಈ ಸುರುಳಿಯನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಅದೇ ಮಾತಿಗೆ ಬರಬೇಕಾಗುತ್ತದೆ.

ಗೆದ್ದಲಿನ ಪ್ರಭೇದಗಳೆಷ್ಟು? ಜಗತ್ತಿನಲ್ಲಿ ಸುಮಾರು 3,000. ಭಾರತದಲ್ಲಿ ಸುಮಾರು 300. ನಮ್ಮ ಹೊಲದ ಬದುವಿನಲ್ಲಿ ಆಳೆತ್ತರದ ಹುತ್ತ ಕಟ್ಟುವುದು ಹೆಚ್ಚಾಗಿ ಒಡಾಂಟೊಟರ್ಮಿಸ್ ಒಬೆಸಸ್ ಎಂಬ ಪ್ರಭೇದ. ಹೆಸರು ಹೇಳಲು ನಾಲಿಗೆ ತೊಡರುತ್ತದೆ. ನಾವು ಹುತ್ತದ ಗೆದ್ದಲು ಎನ್ನೋಣ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಗೆದ್ದಲು ಇರುವೆಯಲ್ಲ, ಜಿರಲೆಯ ಬಳಗ. ಚಿಪ್ಪುಹಂದಿ ಹಂದಿಯೂ ಅಲ್ಲ, ಉಡವೂ ಅಲ್ಲ, ತನ್ನದೇ ಗಣದ ಒಂಟಿ ಮನೆತನ. ಗೆದ್ದಲಿನ ಬಳಗ 3,000. ಚಿಪ್ಪುಹಂದಿಯ ಬಳಗ ಎಂಟು. ಈ ಎರಡು ಸಂಖ್ಯೆಗಳು ನಿಮ್ಮ ಕಿವಿಯಲ್ಲಿರಲಿ.

ಎರಡನೆಯ ಪ್ರಶ್ನೆ, ವಾಸ ಎಲ್ಲಿ?

ಹುತ್ತ ಎಂದರೆ ನಮಗೆ ಮೊದಲು ನೆನಪಾಗುವುದು ಹಾವು. ನಾಗರಪಂಚಮಿಗೆ ಹಾಲೆರೆಯುವುದು ಹುತ್ತಕ್ಕೆ. ಆದರೆ ಹಾವಿಗೆ ಕೈಯಿಲ್ಲ, ಕಾಲಿಲ್ಲ. ಹುತ್ತ ಕಟ್ಟುವುದು ಅದರಿಂದ ಆಗದು. ಕಟ್ಟಿದ್ದು ಗೆದ್ದಲು, ಸೇರಿಕೊಂಡಿದ್ದು ಹಾವು. ಪರರು ದುಡಿದದ್ದನ್ನು ಉಣ್ಣುವವರಿಗೆ ಹಿರಿಯರು ಈ ಹೋಲಿಕೆಯನ್ನೇ ಕೊಡುತ್ತಾರೆ. ಪೂಜೆ ಮಾತ್ರ ಬಾಡಿಗೆದಾರನಿಗೆ ಸಲ್ಲುತ್ತದೆ. ಅದೂ ಬಾಡಿಗೆ ಕೊಡದ ಬಾಡಿಗೆದಾರ.

ಹುತ್ತದ ಒಳಗೆ ಏನಿದೆ? ಈ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೆಲದ ಮೇಲೆ ಕಾಣುವ ಗೋಪುರ ಮನೆಯ ಸೂರು ಮಾತ್ರ. ಸಂಸಾರ ಇರುವುದು ಬುಡದಲ್ಲಿ, ನೆಲದ ಮಟ್ಟದ ಆಚೀಚೆ. ಅಲ್ಲಿ ಗಟ್ಟಿ ಮಣ್ಣಿನ ಒಂದು ಕೋಣೆ. ಅದರಲ್ಲಿ ರಾಣಿ. ಕೈಬೆರಳಿನಷ್ಟು ದಪ್ಪ ಊದಿದ ಮೈ. ತಾನಾಗಿ ಎದ್ದು ಓಡಾಡಲಾರಳು. ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತಾಳೆ. ಪಕ್ಕದಲ್ಲಿ ಸಣ್ಣಗೆ ರಾಜ. ಸುತ್ತ ಕೂಲಿಗಳು ಮತ್ತು ಸೈನಿಕರು. ಇವರಿಗೆ ಕಣ್ಣೇ ಕಾಣದು. ವಾಸನೆ ಮತ್ತು ಸ್ಪರ್ಶದಲ್ಲೇ ಇಷ್ಟು ದೊಡ್ಡ ಮನೆ ಕಟ್ಟುತ್ತಾರೆ.

ಆ ಕೋಣೆಯ ಸುತ್ತ ತೋಟ ಇದೆ. ತಪ್ಪು ಕೇಳಿಸಲಿಲ್ಲ, ತೋಟವೇ. ಹುತ್ತದ ಗೆದ್ದಲಿಗೆ ಮರದ ನಾರನ್ನು ತಾನೊಂದೇ ಅರಗಿಸಿಕೊಳ್ಳುವ ಶಕ್ತಿ ಇಲ್ಲ. ಒಣಗಿದ ಎಲೆ, ಹುಲ್ಲು, ಕಡ್ಡಿ ತಿಂದು ಬಂದು ಅರೆಬರೆ ಅರಗಿದ ಲದ್ದಿಯನ್ನು ಜೇನುಹುಟ್ಟಿನ ಹಾಗೆ ಜೋಡಿಸುತ್ತದೆ. ಅದರ ಮೇಲೆ ಒಂದು ಬಗೆಯ ಶಿಲೀಂಧ್ರ ಬೆಳೆಯುತ್ತದೆ. ಶಿಲೀಂಧ್ರ ನಾರನ್ನು ಮೆತ್ತಗೆ ಮಾಡಿಕೊಡುತ್ತದೆ. ಆಮೇಲೆ ಗೆದ್ದಲು ಅದನ್ನು ಉಣ್ಣುತ್ತದೆ. ಮನುಷ್ಯ ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷ. ಗೆದ್ದಲು ಶಿಲೀಂಧ್ರ ಬೇಸಾಯಕ್ಕಿಳಿದು ಸುಮಾರು 3 ಕೋಟಿ ವರ್ಷ. ಮಳೆ ಬಿದ್ದ ಮೇಲೆ ಹುತ್ತದ ಹತ್ತಿರ ಅಣಬೆ ಏಳುತ್ತದಲ್ಲ, ಮಲೆನಾಡಿನಲ್ಲಿ ಬುಟ್ಟಿ ಹಿಡಿದು ಹುಡುಕಿಕೊಂಡು ಹೋಗುತ್ತಾರಲ್ಲ, ಅದು ಈ ತೋಟದ ಬೆಳೆ. ನೀವು ಸಾರು ಮಾಡಿ ಉಂಡಿದ್ದರೆ ಗೆದ್ದಲಿನ ಹೊಲದ ಗೇಣಿಯನ್ನು ಉಂಡಿದ್ದೀರಿ.

ತೋಟಕ್ಕೆ ಹದವಾದ ಶಾಖ ಬೇಕು, ತೇವ ಬೇಕು. ಲಕ್ಷಾಂತರ ಹುಳುಗಳು ಉಸಿರಾಡಿದರೆ ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆ. ಅದು ಹೊರಗೆ ಹೋಗಬೇಕು. ಹೇಗೆ? ಹಾರ್ವರ್ಡಿನ ಎಲ್. ಮಹಾದೇವನ್ ಮತ್ತು ಸಂಗಡಿಗರು ನಮ್ಮ ಇದೇ ಹುತ್ತದ ಗೆದ್ದಲನ್ನು ಪರೀಕ್ಷಿಸಿ 2015ರಲ್ಲಿ ಉತ್ತರ ಕೊಟ್ಟರು. ಹುತ್ತದ ನಡುವೆ ಒಂದು ದೊಡ್ಡ ಹೊಗೆಗೂಡಿನಂಥ ಕೊಳವೆ ಇರುತ್ತದೆ. ಸುತ್ತ ಹೊರಮೈಯಲ್ಲಿ ಏಣುಗಳು, ಅವುಗಳೊಳಗೆ ತೆಳ್ಳಗಿನ ಕೊಳವೆಗಳು. ಹಗಲು ಬಿಸಿಲಿಗೆ ಹೊರಗಿನ ಏಣು ಬೇಗ ಕಾಯುತ್ತದೆ. ಅಲ್ಲಿ ಗಾಳಿ ಮೇಲೇರುತ್ತದೆ, ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಹೊರಗಿನ ಏಣು ಬೇಗ ತಣಿಯುತ್ತದೆ. ಗಾಳಿ ದಿಕ್ಕು ಬದಲಿಸುತ್ತದೆ. ಕೆಟ್ಟ ಗಾಳಿ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಸೋಸಿ ಹೊರಗೆ ಹೋಗುತ್ತದೆ. ಹಗಲು ರಾತ್ರಿಯ ಶಾಖದ ವ್ಯತ್ಯಾಸವನ್ನೇ ಹುತ್ತ ಶ್ವಾಸಕೋಶ ಮಾಡಿಕೊಂಡಿದೆ. ಕರೆಂಟು ಬಿಲ್ಲಿಲ್ಲ.

ಇನ್ನು ಗೋಡೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹುತ್ತದ ಮಣ್ಣಿನ ಬಲ ಅಳೆದಿದ್ದಾರೆ. ಗೆದ್ದಲು ಹಸಿ ಮಣ್ಣನ್ನು ಬಾಯಲ್ಲಿ ಉಂಡೆ ಕಟ್ಟಿ, ಇಟ್ಟಿಗೆ ಇಟ್ಟ ಹಾಗೆ ಇಡುತ್ತದೆ. ಅದರ ಜೊಲ್ಲು ಮತ್ತು ಮಲ ಸೇರಿ ಆ ಮಣ್ಣು ಪಕ್ಕದ ಸಾದಾ ಮಣ್ಣಿಗಿಂತ ಹಲವು ಪಟ್ಟು ಗಟ್ಟಿಯಾಗುತ್ತದೆ. ಇದು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಹೊಸ ಸುದ್ದಿಯೇನಲ್ಲ. ನೆಲ ಸಾರಿಸಲು, ಒಲೆ ಹಾಕಲು ಹುತ್ತದ ಮಣ್ಣೇ ಬೇಕು ಎಂದು ಅವರು ಯಾವಾಗಲೋ ಹೇಳಿದ್ದರು. ವರಾಹಮಿಹಿರನಂತೂ ಬೃಹತ್ಸಂಹಿತೆಯಲ್ಲಿ ಬಾವಿ ತೋಡುವವರಿಗೆ ಹುತ್ತವನ್ನು ನೀರಿನ ಗುರುತಾಗಿ ಹೇಳಿದ್ದಾನೆ. ಅದು ಸುಮಾರು ಒಂದೂವರೆ ಸಾವಿರ ವರ್ಷದ ಮಾತು.

ಈಗ ಚಿಪ್ಪುಹಂದಿಯ ಮನೆಗೆ ಹೋಗೋಣ. ಬೇಗ ಹೋಗಿ ಬರಬಹುದು, ಅಲ್ಲಿ ಹೆಚ್ಚು ಸಾಮಾನಿಲ್ಲ. ಒಂದು ಬಿಲ. ಅದರಲ್ಲಿ ಒಂದೇ ಪ್ರಾಣಿ. ಪಾಕಿಸ್ತಾನ, ಭಾರತ, ನೇಪಾಳ, ಶ್ರೀಲಂಕಾಗಳಲ್ಲಿ ಇದು ಇದೆ. ದಟ್ಟ ಕಾಡೇ ಬೇಕೆಂಬ ಹಟ ಇದಕ್ಕಿಲ್ಲ. ಪಶ್ಚಿಮಘಟ್ಟದ ಕಾಡೂ ಆದೀತು, ಬಯಲುಸೀಮೆಯ ಕುರುಚಲು ಗುಡ್ಡವೂ ಆದೀತು, ಹೊಲದ ಅಂಚಿನ ಪಾಳುಭೂಮಿಯೂ ಆದೀತು. ಬೇಕಾದದ್ದು ಎರಡೇ. ತೋಡಲು ಮಣ್ಣು, ತಿನ್ನಲು ಇರುವೆ ಮತ್ತು ಗೆದ್ದಲು. ಇದು ಎರಡು ಬಗೆಯ ಬಿಲ ತೋಡುತ್ತದೆ. ಊಟಕ್ಕಾಗಿ ತೋಡುವ ಬಿಲ ಆಳವಿರುವುದಿಲ್ಲ. ಮಲಗಲು ತೋಡುವ ಬಿಲ ಆಳ. ಹಗಲು ಒಳಗೆ ಸೇರಿ ಬಾಯಿಗೆ ಮಣ್ಣು ಮುಚ್ಚಿಕೊಂಡು ಮಲಗುತ್ತದೆ. ಕತ್ತಲಾದ ಮೇಲೆ ಹೊರಡುತ್ತದೆ.

ಹುತ್ತ ಸಿಕ್ಕಿತು ಎನ್ನಿ. ಮುಂಗಾಲಿನ ಉಗುರಿನಿಂದ ಗೋಡೆ ಒಡೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಗಟ್ಟಿ ಎಂದರಲ್ಲ, ಅದೇ ಗೋಡೆ. ಕಿವಿ, ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ, ಸೈನಿಕರು ನುಗ್ಗಬಾರದಲ್ಲ. ಆಮೇಲೆ ನಾಲಿಗೆ ಹೊರಗೆ ಬರುತ್ತದೆ. ಒಂದು ಗೇಣಿಗೂ ಹೆಚ್ಚು ಉದ್ದ, ಹುರಿಯಂತೆ ತೆಳ್ಳಗೆ, ಅಂಟು ಅಂಟು. ಆ ನಾಲಿಗೆಯ ಬೇರು ಬಾಯಲ್ಲಿಲ್ಲ, ಎದೆಗೂಡಿನ ಆಳದಲ್ಲಿದೆ. ಸಂದುಗೊಂದಿಗಳಲ್ಲಿ ನಾಲಿಗೆ ಆಡಿಸಿ ಹುಳುಗಳನ್ನು ಅಂಟಿಸಿಕೊಂಡು ನುಂಗುತ್ತದೆ. ಅಗಿಯಲು ಹಲ್ಲಿಲ್ಲ. ಹೊಟ್ಟೆಯಲ್ಲಿ ಸಣ್ಣ ಕಲ್ಲು ಮರಳು ಇಟ್ಟುಕೊಂಡಿರುತ್ತದೆ. ಅರೆಯುವ ಕೆಲಸ ಅಲ್ಲಿ.

ಒಂದು ಮಾತು ಇಲ್ಲಿ ಮುಖ್ಯ. ಚಿಪ್ಪುಹಂದಿ ಹುತ್ತವನ್ನು ಬುಡಸಮೇತ ತಿಂದು ಮುಗಿಸುವುದಿಲ್ಲ. ಸ್ವಲ್ಪ ಹೊತ್ತು ತಿಂದು ಮುಂದಿನ ಊಟಕ್ಕೆ ಹೊರಡುತ್ತದೆ. ಅದು ಹೋದ ಮೇಲೆ ಕೂಲಿಗಳು ಹಸಿ ಮಣ್ಣು ತಂದು ಒಡಕು ಮುಚ್ಚುತ್ತಾರೆ. ರಾಣಿ ಮೊಟ್ಟೆ ಇಡುತ್ತಲೇ ಇರುತ್ತಾಳೆ. ಹಸುವಿನ ಹಾಲು ಕರೆದುಕೊಂಡ ಹಾಗೆ, ಹುತ್ತವೂ ಉಳಿಯಿತು, ಊಟವೂ ಆಯಿತು.

ಮತ್ತೊಮ್ಮೆ ನೆನಪು ಮಾಡಿಕೊಳ್ಳೋಣ. ಗೆದ್ದಲು ಲಕ್ಷಾಂತರ ಮಂದಿ ಒಂದೇ ಸೂರಿನಡಿ, ಕಟ್ಟುವ ಜೀವ. ಚಿಪ್ಪುಹಂದಿ ಒಂಟಿ, ತೋಡುವ ಜೀವ. ಎರಡಕ್ಕೂ ಮಣ್ಣೇ ಮನೆ, ಎರಡಕ್ಕೂ ಬೆಳಕು ಬೇಡ. ಎರಡರ ದಾರಿಯೂ ಕೂಡುವುದು ಹುತ್ತದಲ್ಲಿ.

ಮೂರನೆಯ ಪ್ರಶ್ನೆ ಉಳಿಯಿತು. ಇವುಗಳ ಗತಿ ಏನು?

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಹೇಳುವ ಒಂದು ಪಟ್ಟಿ ಇದೆ. ಕೆಂಪು ಪಟ್ಟಿ ಎನ್ನುತ್ತಾರೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಅದನ್ನು 1964ರಿಂದ ಮಾಡಿಕೊಂಡು ಬಂದಿದೆ. ಅದನ್ನು ಒಂದು ಬಾವಿಯ ಮೆಟ್ಟಿಲು ಎಂದುಕೊಳ್ಳಿ. ಮೇಲಿನ ಮೆಟ್ಟಿಲಲ್ಲಿ ನಿಂತವರಿಗೆ ಸದ್ಯ ಭಯವಿಲ್ಲ. ಒಂದೊಂದೇ ಮೆಟ್ಟಿಲು ಇಳಿದಂತೆ ಅಪಾಯ ಹೆಚ್ಚು. ತಳದಲ್ಲಿ ನಿರ್ನಾಮ. ಭಾರತದ ಚಿಪ್ಪುಹಂದಿ ನಿಂತಿರುವುದು ‘ಅಳಿವಿನಂಚಿನಲ್ಲಿ’ ಎಂಬ ಮೆಟ್ಟಿಲಲ್ಲಿ. ಈಶಾನ್ಯದ ಚೀನೀ ಚಿಪ್ಪುಹಂದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಯಾಕೆ ಹೀಗಾಯಿತು? ಸುರುಳಿಯ ಮಾತು ನೆನಪಿದೆಯಲ್ಲ? ಅಪಾಯ ಬಂದಾಗ ಚಿಪ್ಪುಹಂದಿ ಓಡುವುದಿಲ್ಲ, ಕಚ್ಚುವುದಿಲ್ಲ. ತಲೆಯನ್ನು ಹೊಟ್ಟೆಗೆ ಸೇರಿಸಿ, ಬಾಲವನ್ನು ಮೇಲೆ ಸುತ್ತಿ ಚೆಂಡಾಗುತ್ತದೆ. ಚಿರತೆ ಬರಲಿ, ಗಿರ್ ಕಾಡಿನ ಸಿಂಹವೇ ಬರಲಿ, ಉರುಳಿಸಿ ಉರುಳಿಸಿ ಸಾಕಾಗಿ ಹೋಗುತ್ತದೆ. ಕೋಟಿಗಟ್ಟಲೆ ವರ್ಷ ಈ ಉಪಾಯ ನಡೆಯಿತು. ಮನುಷ್ಯನ ಮುಂದೆ ನಡೆಯಲಿಲ್ಲ. ಓಡದ ಪ್ರಾಣಿಯನ್ನು ಹಿಡಿಯಲು ಬಂದೂಕು ಬೇಡ, ಬಲೆ ಬೇಡ. ಚೆಂಡನ್ನು ಎತ್ತಿ ಗೋಣಿಚೀಲಕ್ಕೆ ಹಾಕಿದರೆ ಆಯಿತು.

ಮನುಷ್ಯನಿಗೆ ಬೇಕಾದದ್ದು ಮಾಂಸ ಮತ್ತು ಚಿಪ್ಪು. ಚೀನಾ, ವಿಯೆಟ್ನಾಂ ಕಡೆಯ ನಾಟಿ ಔಷಧಿಗಳಲ್ಲಿ ಚಿಪ್ಪಿಗೆ ಬೇಡಿಕೆ. ಆ ಚಿಪ್ಪು ಯಾವುದರಿಂದ ಆಗಿದೆ ಗೊತ್ತೇ? ಕೆರಾಟಿನ್. ನಮ್ಮ ಉಗುರು, ನಮ್ಮ ಕೂದಲು, ಎಮ್ಮೆಯ ಕೊಂಬು, ಎಲ್ಲದರಲ್ಲೂ ಇರುವುದು ಅದೇ. ಕ್ಷೌರದಂಗಡಿಯ ನೆಲ ಗುಡಿಸಿದರೆ ಬೇಕಾದಷ್ಟು ಸಿಗುವ ಸಾಮಗ್ರಿಗಾಗಿ ಒಂದು ಪ್ರಾಣಿವಂಶವನ್ನು ಕೊಲ್ಲುತ್ತಿದ್ದೇವೆ. ಇದಕ್ಕಿಂತ ದಡ್ಡ ವ್ಯಾಪಾರ ನನಗೆ ಗೊತ್ತಿಲ್ಲ.

ಆ ವ್ಯಾಪಾರದ ಗಾತ್ರ ಕೇಳಿ. 2019ರ ಏಪ್ರಿಲ್‌ನಲ್ಲಿ ಸಿಂಗಪುರದ ಬಂದರಿನಲ್ಲಿ ಒಂದು ವಾರದೊಳಗೆ ಎರಡು ಸಲ ಚಿಪ್ಪಿನ ಮೂಟೆಗಳು ಸಿಕ್ಕಿಬಿದ್ದವು. ಎರಡೂ ಸೇರಿ ಸುಮಾರು 25 ಟನ್. ಆಫ್ರಿಕದಿಂದ ವಿಯೆಟ್ನಾಮಿಗೆ ಹೊರಟಿದ್ದವು. ಸತ್ತ ಪ್ರಾಣಿಗಳ ಅಂದಾಜು ಲೆಕ್ಕ 38,000. ಒಂದು ಸಣ್ಣ ಪಟ್ಟಣದ ಜನಸಂಖ್ಯೆ. ಸಿಕ್ಕಿಬಿದ್ದದ್ದು ಇಷ್ಟು. ಸಿಗದೆ ದಾಟಿಹೋದದ್ದು ಬೇರೆ.

ಕಾನೂನು ಇಲ್ಲವೆಂದಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಪ್ಪುಹಂದಿ ಮೊದಲನೆಯ ಅನುಸೂಚಿಯಲ್ಲಿದೆ. ಹುಲಿ, ಆನೆಗೆ ಇರುವ ರಕ್ಷಣೆಯೇ ಇದಕ್ಕೂ. ಕೊಂದರೆ, ಮಾರಿದರೆ ಮೂರರಿಂದ ಏಳು ವರ್ಷ ಜೈಲು. 2022ರ ತಿದ್ದುಪಡಿಯ ಮೇಲೆ ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಎಂಟೂ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ತೀರ್ಮಾನ 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಆಯಿತು. ಚೀನಾ ಕೂಡ 2020ರಲ್ಲಿ ತನ್ನ ಅಧಿಕೃತ ಔಷಧ ಸಾಮಗ್ರಿಗಳ ಪಟ್ಟಿಯಿಂದ ಚಿಪ್ಪನ್ನು ತೆಗೆಯಿತು. ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಚಿಪ್ಪುಹಂದಿಯ ಸಂತಾನ ಬೆಳೆಸುವ ಕೇಂದ್ರವೇ ಇದೆ. ಸಾಕುವುದು ಸುಲಭವಲ್ಲ. ದಿನದಿನವೂ ಇರುವೆ ಗೆದ್ದಲು ಒದಗಿಸುವವರು ಯಾರು?

ಹೆರಿಗೆಯ ಲೆಕ್ಕವನ್ನೂ ನೋಡಿ. ಚಿಪ್ಪುಹಂದಿ ಸಾಮಾನ್ಯವಾಗಿ ಒಂದು ಸಲಕ್ಕೆ ಹೆರುವುದು ಒಂದೇ ಮರಿ. ತಾಯಿ ಅದನ್ನು ಬಾಲದ ಬುಡದಲ್ಲಿ ಕೂರಿಸಿಕೊಂಡು ತಿರುಗುತ್ತದೆ. ಅಪಾಯ ಬಂದರೆ ಮರಿಯನ್ನು ಒಳಗಿಟ್ಟು ತಾನು ಸುತ್ತಿಕೊಳ್ಳುತ್ತದೆ. ಚೆಂಡನ್ನು ಎತ್ತಿದವನು ಎರಡು ಜೀವ ಎತ್ತುತ್ತಾನೆ. ಅತ್ತ ಗೆದ್ದಲಿನ ರಾಣಿ ಇವತ್ತು ಬೆಳಗ್ಗೆಯಿಂದ ಇಟ್ಟ ಮೊಟ್ಟೆಗಳ ಲೆಕ್ಕ ಹಿಡಿಯಲು ಗುಮಾಸ್ತನೊಬ್ಬ ಬೇಕು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಬೀದಿದೀಪದ ಸುತ್ತ ಈಸಲು ಹುಳು ಎದ್ದುಬರುವುದನ್ನು ನೋಡಿದ್ದೀರಿ. ಅವೇ ಗೆದ್ದಲಿನ ಮುಂದಿನ ರಾಜ ರಾಣಿಯರು. ಕಾಗೆ, ಕಪ್ಪೆ, ಹಲ್ಲಿ, ನಾಯಿ ಎಲ್ಲವೂ ತಿನ್ನುತ್ತವೆ. ಹಳೇ ಮೈಸೂರಿನ ಕಡೆ ಜನರೂ ಹುರಿದು ತಿನ್ನುತ್ತಿದ್ದರು. ಆದರೂ ಎಲ್ಲೋ ಒಂದೆರಡು ಜೋಡಿ ರೆಕ್ಕೆ ಉದುರಿಸಿ ನೆಲ ಸೇರಿದರೆ ಹೊಸ ಹುತ್ತ.

ಹಾಗಾದರೆ ಗೆದ್ದಲು ಕೆಂಪು ಪಟ್ಟಿಯ ಯಾವ ಮೆಟ್ಟಿಲಲ್ಲಿದೆ? ಯಾವ ಮೆಟ್ಟಿಲಲ್ಲೂ ಇಲ್ಲ. ನಮ್ಮ ಹುತ್ತದ ಗೆದ್ದಲನ್ನು ಯಾರೂ ಆ ಬಾವಿಯ ಹತ್ತಿರ ಕರೆದೇ ಇಲ್ಲ. ಸಸ್ತನಿಗಳಲ್ಲಿ ಸುಮಾರು 6,000 ಪ್ರಭೇದಗಳನ್ನು ತೂಗಿ ನೋಡಿದ್ದಾರೆ, ಅಂದರೆ ಹೆಚ್ಚುಕಡಿಮೆ ಎಲ್ಲವನ್ನೂ. ಕೀಟಗಳಲ್ಲಿ ಹೆಸರಿಟ್ಟ ಪ್ರಭೇದಗಳೇ ಹತ್ತು ಲಕ್ಷ. ತೂಗಿ ನೋಡಿದ್ದು ನೂರಕ್ಕೆ ಒಂದೋ ಎರಡೋ. ನಮ್ಮ ಕಾಯ್ದೆಯ ಅನುಸೂಚಿಯಲ್ಲಿ ಚಿಟ್ಟೆಗಳಿವೆ, ಕೆಲವು ದುಂಬಿಗಳಿವೆ. ಗೆದ್ದಲಿಲ್ಲ.

ಗೆದ್ದಲು ನಾಳೆಯೇ ಅಳಿದುಹೋಗುತ್ತದೆ ಎಂದು ನಾನು ಹೆದರಿಸಲು ಬಂದಿಲ್ಲ. ಹುತ್ತದ ಗೆದ್ದಲು ಬೇಕಾದಷ್ಟಿದೆ. ನನ್ನ ತಕರಾರು ಬೇರೆ. ಉಣ್ಣುವವನ ಹೆಸರು ಪಟ್ಟಿಯಲ್ಲಿದೆ, ತಟ್ಟೆಯ ಹೆಸರು ಎಲ್ಲೂ ಇಲ್ಲ. ಚಿಪ್ಪುಹಂದಿಯನ್ನು ಮುಟ್ಟಿದವನಿಗೆ ಜೈಲು. ಅದು ಉಣ್ಣುವ ಹುತ್ತವನ್ನು ನೆಲಸಮ ಮಾಡಿದವನನ್ನು ಕೇಳುವವರಿಲ್ಲ. ಒಂದು ಕಾಲಕ್ಕೆ ಗುದ್ದಲಿ ಹಿಡಿದವನು ಹುತ್ತ ಕಂಡರೆ ಬಳಸಿಕೊಂಡು ಹೋಗುತ್ತಿದ್ದ. ಹಾವಿನ ಭಯವೋ, ದೇವರ ಭಯವೋ, ಒಟ್ಟಿನಲ್ಲಿ ಹುತ್ತ ಉಳಿಯುತ್ತಿತ್ತು. ಜೇಸಿಬಿಗೆ ಎರಡೂ ಭಯವಿಲ್ಲ. ಬದು ಬಳಿದು, ಹೊಲ ಮಟ್ಟ ಮಾಡಿ, ಉಳಿದ ಹುತ್ತಕ್ಕೆ ಔಷಧಿ ಎಂಬ ಹೆಸರಿನ ವಿಷ ಸುರಿಯುತ್ತೇವೆ.

ಗೆದ್ದಲು ಹಾನಿ ಮಾಡುವುದಿಲ್ಲವೇ ಎಂದು ಕೇಳುತ್ತೀರಿ. ಮಾಡುತ್ತದೆ. ನಮ್ಮ ತಾತನ ಲೆಕ್ಕವೇ ಹೋಯಿತು. ಆದರೆ 3,000 ಪ್ರಭೇದಗಳಲ್ಲಿ ಮನೆ ಮಠಕ್ಕೆ ದೊಡ್ಡ ಹಾನಿ ಮಾಡುವವು ನೂರರ ಒಳಗೆ. ಉಳಿದವು ಒಣಗಿದ್ದನ್ನು, ಸತ್ತದ್ದನ್ನು ತಿಂದು ಮಣ್ಣಿಗೆ ಸೇರಿಸುತ್ತವೆ. ಅವು ಕೊರೆದ ದಾರಿಗಳಲ್ಲಿ ಮಳೆನೀರು ನೆಲಕ್ಕಿಳಿಯುತ್ತದೆ. ಮನೆಯ ತೊಲೆಗೆ ಹತ್ತಿದ ಗೆದ್ದಲಿಗೆ ಮದ್ದು ಹಾಕಿ, ನಾನು ಬೇಡವೆನ್ನುವುದಿಲ್ಲ. ಹೊಲದಾಚೆಯ ಹುತ್ತ ನಿಮ್ಮ ತೊಲೆಗೆ ಏನೂ ಮಾಡಿಲ್ಲ.

ಕೇಳುಗರೇ, ಹೊತ್ತಾಯಿತು. ಎರಡು ಬಿನ್ನಹ ಮಾಡಿ ಮುಗಿಸುತ್ತೇನೆ. ರಾತ್ರಿ ರಸ್ತೆಯಲ್ಲೋ ತೋಟದಲ್ಲೋ ಚಿಪ್ಪಿನ ಚೆಂಡೊಂದು ಕಂಡರೆ ಎತ್ತಬೇಡಿ, ಉರುಳಿಸಬೇಡಿ, ಹುಡುಗರನ್ನು ಕರೆದು ಫೋಟೊ ತೆಗೆಸಬೇಡಿ. ದೀಪ ಆರಿಸಿ ದೂರ ನಿಲ್ಲಿ. ಸ್ವಲ್ಪ ಹೊತ್ತಿಗೆ ಅದೇ ಬಿಚ್ಚಿಕೊಂಡು ಹೋಗುತ್ತದೆ. ಗಾಯವಾಗಿದ್ದರೆ, ಅಥವಾ ಯಾರಾದರೂ ಚೀಲಕ್ಕೆ ಹಾಕುತ್ತಿದ್ದರೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಇನ್ನೊಂದು. ನಾಳೆ ಹೊಲದ ಕಡೆ ಹೋದಾಗ ಬದುವಿನ ಹುತ್ತವನ್ನೊಮ್ಮೆ ನೋಡಿ. ಅದರ ಮೈಮೇಲೆ ಎಲ್ಲಾದರೂ ಒಂದು ಕಡೆ ಹಸಿ ಮಣ್ಣು, ಬಣ್ಣ ಸ್ವಲ್ಪ ಗಾಢವಾಗಿ ಕಂಡರೆ, ನಿನ್ನೆ ರಾತ್ರಿ ಒಳಗೆ ಕೆಲಸ ನಡೆದಿದೆ ಎಂದು ಅರ್ಥ. ಜೇಸಿಬಿಯವನು ಬಂದಾಗ ಅದೊಂದನ್ನು ಬಿಟ್ಟು ಮುಂದೆ ಹೋಗು ಎಂದು ಹೇಳಿ.